ಬಾಟಲಿ ಮೇಲೆ ಬರೆದ ಬಾಗಿಲುಗಳು

ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ರಸ್ತೆಯಲ್ಲಿ ಯಾರ ಮನೆಗೆ ಹೋದರೂ ಷೋಕೇಸಿನ ಮೇಲೋ ರೇಡಿಯೋ ಪಕ್ಕದಲ್ಲೋ ಒಂದು ಕಪ್ಪು ಬಾಟಲಿ ಇರುತ್ತಿತ್ತು. ಅದರ ಮೇಲೆ ಒಂದು ಬಾಗಿಲು ಬರೆದಿರುತ್ತಿತ್ತು. ಬಾಗಿಲಿಗೆ ಮಾವಿನೆಲೆ ತೋರಣ, ಹೊಸಿಲಿಗೆ ಅರಿಸಿನ ಕುಂಕುಮ, ಮುಂದೆ ಎಳೆ ರಂಗೋಲಿ. ಬಾಟಲಿಯ ಬಾಯಿಂದ ಮನಿಪ್ಲಾಂಟ್ ಬಳ್ಳಿ ಇಳಿಬಿದ್ದಿರುತ್ತಿತ್ತು. ಬಂದವರು ಯಾರು ಮಾಡಿದ್ದು ಅಂತ ಕೇಳಿದರೆ ಎಲ್ಲರೂ ನಮ್ಮ ಕಮಲಾಕ್ಷಮ್ಮನವರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಆ ಬಾಟಲಿಯಲ್ಲಿ ಮೊದಲು ಏನಿತ್ತು ಅಂತ ಮಾತ್ರ ಒಬ್ಬರೂ ಕೇಳಲಿಲ್ಲ.

ನಾನು ಅಂಬುಜಾ, ಅವಳ ಪಕ್ಕದ ಮನೆಯವಳು. ನಮ್ಮಿಬ್ಬರ ಮನೆಗೂ ಮಧ್ಯೆ ಎದೆಮಟ್ಟದ ಒಂದು ಕಾಂಪೌಂಡ್ ಗೋಡೆ. ಕಮಲಾಕ್ಷಿಯ ವಿಷಯ ಬರೆಯಬೇಕು ಎಂದು ಕೂತಾಗಲೆಲ್ಲ ಸಿಟ್ಟು ನೆತ್ತಿಗೇರಿ ಪೆನ್ನು ಕೆಳಗಿಟ್ಟಿದ್ದೇನೆ. ಸಿಟ್ಟು ಇಳಿಯಲಿ ಎಂದು ಕಾದದ್ದೂ ಸಾಕಾಯಿತು. ಇಳಿಯುವ ಜಾತಿಯ ಸಿಟ್ಟಲ್ಲ ಇದು.

ಅವರು ದಾವಣಗೆರೆ ಕಡೆಯ ಲಿಂಗಾಯತರು. ಯಜಮಾನರು ಚನ್ನವೀರಪ್ಪ, ವಿಧಾನಸೌಧದಲ್ಲಿ ಕೆಲಸ. ಅವರ ತಾಯಿ ಶಿವಕ್ಕ, ದಿನಕ್ಕೆರಡು ಸಲ ಸ್ನಾನ, ಎರಡು ಸಲ ಲಿಂಗಪೂಜೆ, ಹಣೆ ತುಂಬ ವಿಭೂತಿ. ಅವರ ಅಡುಗೆಮನೆಗೆ ಈರುಳ್ಳಿ ಹೋಗಬೇಕಾದರೂ ಒಳ್ಳೆಯ ದಿನ ನೋಡಿಕೊಂಡು ಹೋಗಬೇಕು ಎಂದು ನಾನು ತಮಾಷೆ ಮಾಡುತ್ತಿದ್ದೆ. ಬ್ರಾಹ್ಮಣರ ಮನೆ ಹೆಣ್ಣಾದ ನನಗೇ ಆ ಮಡಿ ನೋಡಿ ಸುಸ್ತಾಗುತ್ತಿತ್ತು. ಚನ್ನವೀರಪ್ಪನವರೋ, ಮಾತು ಮೆತ್ತಗೆ, ನಡಿಗೆ ಮೆತ್ತಗೆ. ಬಾಗಿಲನ್ನು ಕೂಡ ಸದ್ದಾಗದಂತೆ ಹಾಕುವ ಮನುಷ್ಯ. ಹೆಂಡತಿಗೆ ಒಂದು ದಿನವೂ ಗದರಿದವರಲ್ಲ. ನಮ್ಮ ಮನೆಯವರು ಕೂಗಾಡಿದಾಗಲೆಲ್ಲ ನಾನು ಆ ಕಡೆ ಕೈ ತೋರಿಸಿ, "ನೋಡಿ ಕಲೀರಿ" ಎನ್ನುತ್ತಿದ್ದೆ. ಮೆತ್ತಗಿನ ಗಂಡಸರನ್ನು ಕಂಡರೆ ಹೆದರಬೇಕು ಎಂಬುದು ಆಮೇಲೆ ಗೊತ್ತಾಯಿತು.

ಅವರು ನಮ್ಮ ಪಕ್ಕಕ್ಕೆ ಬಂದದ್ದು ಎಪ್ಪತ್ತೆರಡರಲ್ಲಿ. ಗಂಡ, ಹೆಂಡತಿ, ಅತ್ತೆ, ಮೂರೇ ಜನ. ಮಕ್ಕಳಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ಕಮಲಾಕ್ಷಿ ತೆಳ್ಳಗೆ, ಕಣ್ಣ ಕೆಳಗೆ ಕಪ್ಪು. ಮಧ್ಯಾಹ್ನ ಊಟವಾದ ಮೇಲೆ ಹಿತ್ತಲಲ್ಲಿ ಹಳೇ ಪೇಪರ್ ಹಾಸಿಕೊಂಡು ಕೂತು ಬಾಟಲಿಗೆ ಬಣ್ಣ ಹಚ್ಚುತ್ತಿದ್ದಳು. ಚಿತ್ರಕಲೆಯನ್ನು ಅವಳು ಯಾರ ಹತ್ತಿರವೂ ಕಲಿತದ್ದಲ್ಲ. ರಾಣೆಬೆನ್ನೂರಿನ ತೌರುಮನೆಯಲ್ಲಿ ಗೋಡೆಗೆ ಸುಣ್ಣ ಕೆಮ್ಮಣ್ಣಿನಿಂದ ಬರೆಯುತ್ತಿದ್ದಳಂತೆ, ಇಲ್ಲಿ ಗೋಡೆಗೆ ಡಿಸ್ಟೆಂಪರ್ ಬಳಿದಿದ್ದರಿಂದ ಅತ್ತೆ ಬೇಡ ಎಂದರು. ಅದಕ್ಕೇ ಬಾಟಲಿ. ನೀರಲ್ಲಿ ನೆನೆಸಿ ಚೀಟಿ ಕಿತ್ತು, ಒಣಗಿಸಿ, ಎರಡು ಕೈ ಕಪ್ಪು ಎನಾಮಲ್ ಬಳಿದು ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿಗೆ ಇಡುತ್ತಿದ್ದಳು. ಆ ಕರೀ ಬಾಟಲಿಗಳ ಆಚೆ ಈಚೆ ನಿಂತು ನಾವಿಬ್ಬರೂ ಗೆಳತಿಯರಾದೆವು.

ಬಾಟಲಿಗಳು ದಶಮೂಲಾರಿಷ್ಟದವು. ನಮ್ಮ ಕಡೆ ಬಾಣಂತಿಯರಿಗೆ ಕೊಡುವ ಕಷಾಯದಂಥ ಔಷಧಿ, ಎಲ್ಲರಿಗೂ ಗೊತ್ತಿರುವುದೇ. ಚನ್ನವೀರಪ್ಪನವರು ಭಾನುವಾರ ಬಸ್ಸು ಹತ್ತಿ ಕೆಂಗೇರಿಗೆ ಹೋಗಿ ಅಲ್ಲೊಬ್ಬ ಪಂಡಿತರ ಹತ್ತಿರ ಚೀಲದ ತುಂಬ ತರುತ್ತಿದ್ದರು. ಬೆಳಗ್ಗೆ ಸಂಜೆ ಶಿವಕ್ಕ ಪೂಜೆ ಮುಗಿಸಿ, ಮಡಿಯಲ್ಲೇ, ಬೆಳ್ಳಿ ಬಟ್ಟಲಿಗೆ ಹುಯ್ದು ಸೊಸೆಯ ಕೈಗೆ ಕೊಡುತ್ತಿದ್ದರು. ನಾನೇ ಎಷ್ಟೋ ಸಲ ನೋಡಿದ್ದೇನೆ. ಆ ಮನೆಯಲ್ಲಿ ಹೆಂಡ ಎಂಬ ಮಾತನ್ನು ಆಡಿದರೆ ಬಾಯಿ ತೊಳೆಯಬೇಕಿತ್ತು. ಆದರೆ ಅರಿಷ್ಟ ಔಷಧಿ. ಔಷಧಿಗೆ ಯಾವ ಮಡಿ, ಯಾವ ಮೈಲಿಗೆ? ದ್ರಾಕ್ಷಿ ಬೆಲ್ಲ ಹಾಕಿ ಹುಳಿ ಬರಿಸಿದ್ದಕ್ಕೆ ಎಷ್ಟು ಅಮಲು ಬರುತ್ತದೆ ಎಂದು ಅವರು ಯೋಚಿಸಲಿಲ್ಲ, ನಾವೂ ಯೋಚಿಸಲಿಲ್ಲ.

ಒಂದು ಗೋಕುಲಾಷ್ಟಮಿಯ ದಿನ ನಾನು ಬಾಗಿಲಿಂದ ದೇವರಮನೆಯವರೆಗೆ ಅಕ್ಕಿಹಿಟ್ಟಿನಲ್ಲಿ ಕೃಷ್ಣನ ಹೆಜ್ಜೆ ಬರೆದು, ಕೈ ಒರೆಸಿಕೊಂಡು ಗೋಡೆ ಹತ್ತಿರ ಬಂದೆ. ಅವಳು ಬಾಗಿಲು ಬರೆದು ಮುಗಿಸಿದ್ದಳು. ನಾನು ತಮಾಷೆಗೆ, "ಯಾವಾಗ್ ನೋಡಿದ್ರೂ ಬರೀ ಬಾಗಿಲೇ ಬರೀತೀರಲ್ರೀ. ಖಾಲಿ ಖಾಲಿ ಕಾಣುತ್ತೆ. ಎರಡು ಪುಟ್ಟ ಹೆಜ್ಜೆ ಹಾಕಿ, ಎಷ್ಟು ಚೆನ್ನಾಗಿರುತ್ತೆ" ಎಂದೆ.

ಅವಳು ಬ್ರಷ್ ಸೀಮೆಎಣ್ಣೆಗೆ ಅದ್ದಿ ಉಜ್ಜುತ್ತಾ, "ಹೆಜ್ಜಿ ಮೊದಲು ಬರಲಿ ಅಂಬುಜಾ. ಆಮ್ಯಾಲೆ ಬರೀತೀನಿ" ಎಂದಳು.

ಅವತ್ತು ಅವಳು ಎಲ್ಲವನ್ನೂ ಹೇಳಿದಳು. ಅವಳ ಮೊದಲ ಕೂಸು ಹುಟ್ಟಿ ತಿಂಗಳು ತುಂಬುವ ಮೊದಲೇ ಹೋಗಿತ್ತು. ಎರಡನೆಯದು ಗಂಡು ಹುಟ್ಟಿತು. ದಾವಣಗೆರೆಯ ಮನೆಯಲ್ಲೇ ಬಾಣಂತನ. ಮೊದಲ ಮಗು ಹೋದ ಮನೆಗಳಲ್ಲಿ ಅವರ ಕಡೆ ಒಂದು ಪದ್ಧತಿ ಇದೆ. ಹೊಸ ಕೂಸನ್ನು ತಾಯಿಯೇ ಎತ್ತಿ ಇನ್ನೊಬ್ಬಳ ಉಡಿಯಲ್ಲಿ, ಅಂದರೆ ಸೆರಗಿನ ಮಡಿಲಲ್ಲಿ ಹಾಕಬೇಕು. ಇದು ನಿನ್ನ ಕೂಸು, ನನ್ನದಲ್ಲ ಎಂದು ಎಲ್ಲರೆದುರಿಗೆ ಹೇಳಬೇಕು. ಸಾವು ಹುಡುಕಿಕೊಂಡು ಬಂದರೆ ಈ ತಾಯಿಗೆ ಕೂಸೇ ಇಲ್ಲ ಎಂದು ವಾಪಸು ಹೋಗಲಿ ಅಂತ. ಗಂಡಾಂತರ ಕಳೆದ ಮೇಲೆ ಒಂದು ಮೊರ ಜೋಳ ಕೊಟ್ಟು ಕೂಸನ್ನು ವಾಪಸು ತಗೊಳ್ಳುತ್ತಾರೆ. ಶಿವಕ್ಕ ಹೇಳಿದಂತೆ ಕಮಲಾಕ್ಷಿ ಬಾಣಂತಿ ಕೋಣೆಯಿಂದ ಎದ್ದು ಬಂದು, ಹಿರೀ ಓರಗಿತ್ತಿ ಹಾಲಮ್ಮನ ಉಡಿಯಲ್ಲಿ ಮಗುವನ್ನು ಹಾಕಿದಳು. ಮಗುವಿಗೆ ಮೃತ್ಯುಂಜಯ ಎಂದು ಹೆಸರಿಟ್ಟರು. ಹಾಲಮ್ಮನಿಗೆ ಮಕ್ಕಳಿರಲಿಲ್ಲ.

ವಾಪಸು ತಗೊಳ್ಳುವ ದಿನ ಬರಲಿಲ್ಲ. ಮೊದಲು, ನಿನಗೆ ರಕ್ತ ಇಲ್ಲ, ಶಕ್ತಿ ಬರಲಿ ಎಂದರು. ಆಮೇಲೆ ಬೆಂಗಳೂರಿನ ನೀರು ಕೂಸಿಗೆ ಹಿಡಿಸುವುದಿಲ್ಲ, ಹಲ್ಲು ಬರಲಿ ಎಂದರು. ಗಂಡನ ವರ್ಗಾವಣೆಯ ನೆಪದಲ್ಲಿ ಅವಳನ್ನು ಬೆಂಗಳೂರಿಗೆ ಕರೆತಂದರು. ಎದೆಯಲ್ಲಿ ಹಾಲು ಕಟ್ಟಿಕೊಂಡು, ಸೆರಗು ಒದ್ದೆ ಮಾಡಿಕೊಂಡು ಅವಳು ಈ ಹೊಸ ಮನೆಯ ಹೊಸಿಲು ದಾಟಿದ್ದು. ಅಳು ನಿಲ್ಲಲಿಲ್ಲ. ಆಗ ಶುರುವಾಯಿತು ಅರಿಷ್ಟ. "ಕುಡಿ, ಶಕ್ತಿ ಬರ್ತದೆ. ಶಕ್ತಿ ಬಂದ್ರ ಮಗ ಬರ್ತಾನ" ಎಂದು ಶಿವಕ್ಕ ಹೇಳುತ್ತಿದ್ದರು. ಚನ್ನವೀರಪ್ಪನವರೂ ಅದನ್ನೇ, ಇನ್ನೂ ಮೆತ್ತಗೆ ಹೇಳುತ್ತಿದ್ದರು. ಕುಡಿದರೆ ಎದೆಯ ಸಂಕಟ ಸ್ವಲ್ಪ ಹೊತ್ತು ಮಬ್ಬಾಗುತ್ತಿತ್ತಂತೆ. ಮಬ್ಬು ಇಳಿದರೆ ಮತ್ತೆ ಮಗನೇ ಕಣ್ಣ ಮುಂದೆ. ಹಾಗಾಗಿ ಬಟ್ಟಲು ದೊಡ್ಡದಾಯಿತು. ಆಮೇಲೆ ಅತ್ತೆ ಕೊಡಲಿ ಎಂದು ಕಾಯುವುದೂ ನಿಂತಿತು.

"ಕುಡಿದ್ರೆ ಮಗ ಬರ್ತಾನೆ ಅಂತ ಕುಡೀತೀನಿ. ಖಾಲಿ ಆದ ಬಾಟ್ಲಿ ಮ್ಯಾಲೆ ಬಾಗಿಲು ಬರೆದು ಇಡ್ತೀನಿ. ಯಾವುದಾದ್ರೂ ಒಂದು ಬಾಗಿಲಿಂದ ಬರಲಿ" ಎಂದಳು. ನಗುತ್ತಾ ಹೇಳಿದಳು. ಆ ನಗು ನೋಡಲಾರದೆ ನಾನು ಮನೆಯೊಳಗೆ ಹೋಗಿ ಅಷ್ಟಮಿಯ ಚಕ್ಕುಲಿ ತಂದುಕೊಟ್ಟೆ. ಇನ್ನೇನು ಕೊಡಲು ಗೊತ್ತಿತ್ತು ನನಗೆ?

ಹೊಸ ಬಡಾವಣೆಗಳು ಏಳುತ್ತಿದ್ದ ಕಾಲ. ಇತ್ತ ಬಸವೇಶ್ವರನಗರ, ಅತ್ತ ವಿಜಯನಗರ, ವಾರಕ್ಕೊಂದು ಗೃಹಪ್ರವೇಶ. ಉಡುಗೊರೆಗೆ ಕಮಲಾಕ್ಷಮ್ಮನ ಬಾಟಲಿಯೇ ಆಗಬೇಕು. ತೋರಣ ಕಟ್ಟಿದ ಬಾಗಿಲು ಮನೆಗೆ ಶುಭ ಎಂದು ಜನ ಕೇಳಿ ಕೇಳಿ ತಗೊಂಡು ಹೋದರು. ಒಬ್ಬ ತಾಯಿಯ ಗೋಳನ್ನು ಮನಿಪ್ಲಾಂಟ್ ಇಟ್ಟು ಅಲಂಕಾರ ಮಾಡಿಕೊಂಡರು. ಬಾಟಲಿಗಳು ಹೆಚ್ಚಾದಷ್ಟೂ ಅವಳ ಚಿತ್ರ ಬದಲಾಗುತ್ತಾ ಬಂತು. ಮೊದಲು ಹಾರು ಹೊಡೆದ ಬಾಗಿಲು, ಒಳಗೆ ದೀಪದ ಹಳದಿ ಬೆಳಕು. ಆಮೇಲೆ ಅರ್ಧ ತೆರೆದ ಬಾಗಿಲು. ಆಮೇಲೆ ಒಂದು ಸಂದು ಮಾತ್ರ. ಬಾಗಿಲು ಚಿಕ್ಕದಾಗುತ್ತಾ ಸುತ್ತಲಿನ ಕಪ್ಪು ದೊಡ್ಡದಾಯಿತು. ನನಗೆ ಚಿತ್ರ ಅರ್ಥವಾಗುವುದಿಲ್ಲ, ಆದರೆ ಆ ಕಪ್ಪನ್ನು ಬಹಳ ಹೊತ್ತು ನೋಡಲು ಆಗುತ್ತಿರಲಿಲ್ಲ.

ಮಹಿಳಾ ಸಮಾಜದ ದಸರಾ ಪ್ರದರ್ಶನಕ್ಕೆ ನಾನೇ ಅವಳ ಬಾಟಲಿಗಳನ್ನು ಹೊತ್ತುಕೊಂಡು ಹೋದೆ. ತೀರ್ಪುಗಾರರಾಗಿ ಬಂದಿದ್ದವರು ಚಿತ್ರಕಲೆ ಮೇಷ್ಟರು, ಗಡ್ಡ, ಜೋಳಿಗೆ ಎಲ್ಲ ಇತ್ತು. ಬಾಟಲಿ ಎತ್ತಿ ತಿರುಗಿಸಿ ನೋಡಿ, "ಇದು ಬರೀ ಅಲಂಕಾರ ಅಲ್ಲ, ಸಂಕೇತ. ಈ ಬಾಗಿಲು ಯಾರಿಗೋ ಕಾಯ್ತಾ ಇದೆ" ಎಂದರು. ಮೊದಲ ಬಹುಮಾನ ಕೊಟ್ಟರು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು, ಶಿವಕ್ಕ ಹಿಗ್ಗಿ ಹೀರೇಕಾಯಿಯಾದರು. ಮೇಷ್ಟರಿಗೆ ಹೊರಗಿನ ಬಾಗಿಲು ಕಂಡಿತು. ಮೂಗನ್ನು ಬಾಟಲಿಯ ಬಾಯಿಗೆ ಇನ್ನೊಂದಿಷ್ಟು ಹತ್ತಿರ ತಂದಿದ್ದರೆ ಮಿಕ್ಕಿದ್ದೂ ಗೊತ್ತಾಗುತ್ತಿತ್ತು. ಬಹುಮಾನದ ಸ್ಟೀಲ್ ತಟ್ಟೆ ಹಿಡಿದು ನಿಂತಿದ್ದ ಕಮಲಾಕ್ಷಿಯ ಕಣ್ಣು ಎಲ್ಲೋ ತೇಲುತ್ತಿತ್ತು. ನಾಚಿಕೆ ಪಾಪ, ಎಂದರು ಜನ.

ಬಯಲಾದದ್ದು ಬಸವೇಶ್ವರನಗರದ ಒಂದು ಗೃಹಪ್ರವೇಶದಲ್ಲಿ. ಆರತಿ ತಟ್ಟೆ ಹಿಡಿದು ಹೊಸಿಲಲ್ಲಿ ನಿಂತವಳು ತೂರಾಡಿ ತಟ್ಟೆ ಸಮೇತ ಬಿದ್ದಳು. ಎತ್ತಲು ಹೋದ ಎದುರುಮನೆ ಜಲಜಾ ಮೂಗು ಮುಚ್ಚಿಕೊಂಡಳು. ಅಲ್ಲೇ ಇದ್ದ ಆ ಮನೆಯವರ ನೆಂಟರಲ್ಲಿ ಒಬ್ಬರು ಡಾಕ್ಟರು. ಏನು ಕುಡಿಸುತ್ತೀರಿ ಎಂದು ಶಿವಕ್ಕನನ್ನು ವಿಚಾರಿಸಿ, ಅರಿಷ್ಟ, ದಿನಕ್ಕೆ ಒಂದು ಬಾಟಲಿ ಹತ್ತಿರ ಎಂದು ಗೊತ್ತಾದಾಗ ಅವರು ಹಣೆ ಚಚ್ಚಿಕೊಂಡು, "ಅದೂ ಒಂದು ಹೆಂಡಾನೇ ಅಲ್ವೇನಮ್ಮ. ಚಮಚದಲ್ಲಿ ಕುಡೀಬೇಕಾದ್ದು" ಎಂದರು.

ಅವತ್ತು ಸಂಜೆಯೊಳಗೆ ಇಡೀ ರಸ್ತೆಯ ಷೋಕೇಸುಗಳಿಂದ ಬಾಟಲಿಗಳು ಮಾಯವಾದವು. ಕೆಲವರು ಹಿತ್ತಲಿಗೆ ಎಸೆದರು, ಜಲಜಾ ಮಾತ್ರ ಪೇಪರಲ್ಲಿ ಸುತ್ತಿ ತಂದು ಕಮಲಾಕ್ಷಿಯ ಮನೆ ಗೇಟಿನೊಳಗೆ ಇಟ್ಟು ಹೋದಳು. ಅದಕ್ಕಿಂತ ನನಗೆ ಉರಿದದ್ದು ಶಿವಕ್ಕನ ಮಾತು. ಬೆಳ್ಳಿ ಬಟ್ಟಲಲ್ಲಿ ತಾವೇ ಹುಯ್ದು ಕೊಟ್ಟ ಹೆಂಗಸು, ಮಾರನೇ ದಿನ ಜಗಲಿಯ ಮೇಲೆ ಕೂತು, "ನಮ್ಮಂಥಾರ ಮನ್ಯಾಗ ಇಂಥಾ ಸೊಸಿ ಬಂದ್ಲಲ್ಲ" ಎಂದು ಕಂಡವರ ಮುಂದೆ ಕಣ್ಣೊರೆಸಿಕೊಂಡರು.

ಕಮಲಾಕ್ಷಿ ಅತ್ತೆಗೆ ಒಂದು ಮಾತೂ ಎದುರಾಡಲಿಲ್ಲ. ಗಂಡನನ್ನು ಮಾತ್ರ ಕೇಳಿದಳಂತೆ, ನಾನೀಗ ಏನು ಮಾಡಲಿ ಎಂದು. ಅವರು, "ಬಿಟ್ಟುಬಿಡು. ನೀನು ಬಿಟ್ಟರೆ ಸ್ಕೂಲಿಗೆ ಸೇರಿಸೋ ಹೊತ್ತಿಗೆ ಹುಡುಗನ್ನ ಕರ್ಕೊಂಡು ಬರೋಣ" ಎಂದರಂತೆ. ಗೋಡೆ ಹತ್ತಿರ ಬಂದು ಇದನ್ನು ನನಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಬಹುಮಾನ ಬಂದ ದಿನ ಇಲ್ಲದ ಕಳೆ ಅವತ್ತು ಇತ್ತು.

ಬಿಟ್ಟಳು. ಬಿಡುವುದು ಎಂದರೆ ಏನು ಎಂದು ನಾನು ನೋಡಿದ್ದೇನೆ. ಕೈ ಎಷ್ಟು ನಡುಗುತ್ತಿತ್ತೆಂದರೆ ಲೋಟ ಹಿಡಿದರೆ ನೀರು ಮೈಮೇಲೆ. ಬೆವರು, ವಾಂತಿ, ಗೋಡೆಯ ಮೇಲೆ ಏನೋ ಹರಿದಾಡಿದ ಹಾಗೆ ಕಂಡು ಕಿರುಚುವುದು. ನಾನು ಅವಳ ಪಕ್ಕ ಕೂತು ಗಂಜಿ ಕುಡಿಸುತ್ತಿದ್ದೆ. ನಮ್ಮ ಮನೆಯವರು ಊಟಕ್ಕೆ ಕಾದು ಕಾದು ತಾವೇ ಬಡಿಸಿಕೊಂಡರು. ಅವಳು ಹಲ್ಲು ಕಚ್ಚಿಕೊಂಡು ಒಂದೇ ಮಾತು ಹೇಳುತ್ತಿದ್ದಳು, "ಜೂನ್ ತಿಂಗಳಾಗ ಸ್ಕೂಲು ಶುರು ಆಗ್ತದೆ." ದೇವರ ನಾಮ ಜಪಿಸಿದ ಹಾಗೆ ಹೇಳುತ್ತಿದ್ದಳು. ಕೊನೆಗೆ ನಡುಕ ನಿಂತಿತು. ಊಟ ಸೇರಿತು, ಕೆನ್ನೆ ತುಂಬಿಕೊಂಡಿತು. ಅತ್ತೆಯ ಗೊಣಗಾಟಕ್ಕೂ ಅವಳು ಕಿವಿಗೊಡಲಿಲ್ಲ. ಅವಳ ಲಕ್ಷ್ಯವೆಲ್ಲ ಒಂದೇ ಕಡೆ.

ಎಪ್ಪತ್ತೆಂಟರ ಮೇ ತಿಂಗಳಲ್ಲಿ ಗಂಡನ ಅಣ್ಣ ಕರಿಬಸಪ್ಪ, ಅವರ ಹೆಂಡತಿ ಹಾಲಮ್ಮ ಮತ್ತು ಹುಡುಗ ದಾವಣಗೆರೆಯಿಂದ ಬರುತ್ತಾರೆ ಎಂದು ಗೊತ್ತಾದಾಗ ಅವಳು ಮನೆಯನ್ನು ತಲೆಕೆಳಗು ಮಾಡಿ ತೊಳೆದಳು. ರಾಮಮಂದಿರದ ಹತ್ತಿರದ ಶಾಲೆಗೆ ನನ್ನನ್ನೂ ಕರೆದುಕೊಂಡು ಹೋಗಿ ಮೇಡಂ ಹತ್ತಿರ ಮಾತಾಡಿಕೊಂಡು ಬಂದಳು. ಖಾಕಿ ಚಡ್ಡಿ, ಬಿಳೀ ಷರಟಿಗೆ ಬಟ್ಟೆ ತೆಗೆದಳು. ಅಳತೆ ಗೊತ್ತಿರಲಿಲ್ಲ. ನಮ್ಮ ಹುಡುಗ ಅದೇ ವಯಸ್ಸಿನಲ್ಲಿ ಎಷ್ಟು ಎತ್ತರ ಇದ್ದ ಎಂದು ನನ್ನನ್ನು ಕೇಳಿ, ಬಾಗಿಲ ಚೌಕಟ್ಟಿಗೆ ಕೈಯಿಟ್ಟು ನೋಡಿಕೊಂಡಳು.

"ನೀವು ಅವತ್ತು ನನ್ನ ಪಕ್ಕದಾಗ ಇರಬೇಕು" ಎಂದಳು. ಅವಳ ತೌರಿನಲ್ಲಿ ಯಾರೂ ಉಳಿದಿರಲಿಲ್ಲ. ಹಾಗಾಗಿ ತೌರಿನವಳಾಗಿ ನಾನು ಹೋದೆ.

ಹುಡುಗ ಮುದ್ದಾಗಿದ್ದ, ಅಮ್ಮನ ಮೂಗು, ಅಮ್ಮನ ಹಣೆ. ಬಂದವನೇ ಮುಂದಿನ ನಲ್ಲಿಯಲ್ಲಿ ಕಾಲು ತೊಳೆದು ಒರೆಸಿಕೊಳ್ಳದೆ ಒಳಗೆ ಓಡಿದ. ರೆಡ್ ಆಕ್ಸೈಡ್ ನೆಲದ ಮೇಲೆ ಒದ್ದೆ ಹೆಜ್ಜೆ ಮೂಡಿದವು. ಒರೆಸಲು ಬಟ್ಟೆ ತಂದ ಶಿವಕ್ಕನ ಕೈಯನ್ನು ಕಮಲಾಕ್ಷಿ ಹಿಡಿದುಕೊಂಡು ನಿಲ್ಲಿಸಿದಳು. ಅವು ಆರುವವರೆಗೂ ನೋಡುತ್ತಾ ನಿಂತಳು. ಊಟಕ್ಕೆ ಹೋಳಿಗೆ ಮಾಡಿದ್ದಳು. ಹುಡುಗ, "ಚಿಗವ್ವ, ಇನ್ನೊಂದು ಹಾಕು" ಎಂದು ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದಾಗ ಅವಳ ಕೈ ಒಂದು ಗಳಿಗೆ ನಿಂತು ಆಮೇಲೆ ಬಡಿಸಿತು. ಇರಲಿ, ನಾಳೆಯಿಂದ ತಾನೇ ತಿದ್ದಿಕೊಳ್ಳುತ್ತಾನೆ ಎಂದುಕೊಂಡಳೋ ಏನೋ.

ಊಟವಾಗಿ ಎಲೆ ಅಡಿಕೆಗೆ ಕೂತಾಗ ಅವಳು ಹೊಲಿಸಿದ ಯೂನಿಫಾರಂ ತಂದು ಹುಡುಗನ ಬೆನ್ನಿಗೆ ಹಿಡಿದು ನೋಡಿದಳು. ಭುಜ ಸರಿಯಾಗಿತ್ತು. ಕರಿಬಸಪ್ಪನವರು ನಕ್ಕು, "ಇದೇನವ್ವ, ಯಾತರ ಬಟ್ಟಿ ಇದು?" ಎಂದರು.

"ಸ್ಕೂಲಿಂದು ಭಾವಾರ. ಜೂನಿಗೆ ಸೇರಿಸಾಕ. ಇಲ್ಲೇ, ನಡ್ಕೊಂಡು ಹೋಗುವಷ್ಟು ದೂರ" ಎಂದಳು ಅವಳು.

"ಇಲ್ಲಿ ಯಾಕ ಸೇರಿಸ್ತಾರವ್ವ? ದಾವಣಗೇರ್ಯಾಗ ಆಗ್ಲೇ ಹೆಸರು ಹಚ್ಚೀವಲ್ಲ. ನಾವು ಬಂದಿದ್ದು ವಿಜಯನಗರದಾಗ ಮದುವಿ ಐತಿ ಅಂತ."

ನಾನು ಚನ್ನವೀರಪ್ಪನವರ ಮುಖ ನೋಡಿದೆ. ಅವರು ಫ್ಯಾನ್ ನೋಡುತ್ತಿದ್ದರು. ಕರಿಬಸಪ್ಪನವರು ದಪ್ಪ ಧ್ವನಿಯ, ನೇರ ಮಾತಿನ ಮನುಷ್ಯ. ತಂದೆ ತೀರಿಕೊಂಡ ಮೇಲೆ ತಮ್ಮನನ್ನು ಓದಿಸಿ ಬೆಳೆಸಿದವರೇ ಅವರು. ಅವರಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. "ಚನ್ನವೀರ, ಏನ್ ಹೇಳೀಯಪ ಈಕಿಗೆ?" ಎಂದರು.

ಚನ್ನವೀರಪ್ಪನವರು ಎಲೆಗೆ ಸುಣ್ಣ ಹಚ್ಚತೊಡಗಿದರು. ಆಗ ಕರಿಬಸಪ್ಪನವರೇ ಕಮಲಾಕ್ಷಿಯ ಕಡೆ ತಿರುಗಿ, ಸಮಾಧಾನದಿಂದಲೇ ಹೇಳಿದರು. ಅವಳು ಬಸುರಿಯಿದ್ದಾಗಲೇ ತಮ್ಮ ಬಂದು, "ಈ ಸಲ ಹುಟ್ಟೋದು ನಿಮ್ಮದು ಅಣ್ಣ. ಆಕೀನೂ ಒಪ್ಯಾಳ" ಎಂದು ಮಾತು ಕೊಟ್ಟಿದ್ದನಂತೆ. ಬೇಡ, ತಾಯಿಯ ಮನಸ್ಸು ನೋಯಿಸಬಾರದು ಎಂದು ಇವರೇ ಅನುಮಾನಿಸಿದ್ದಕ್ಕೆ, ಆಕೆಯೇ ತನ್ನ ಕೈಯಾರೆ ಎಲ್ಲರೆದುರು ಉಡಿಯಲ್ಲಿ ಹಾಕುತ್ತಾಳೆ ನೋಡಿ ಎಂದಿದ್ದನಂತೆ.

ಹಾಲಮ್ಮ ಹುಡುಗನನ್ನು ಹತ್ತಿರಕ್ಕೆ ಎಳೆದುಕೊಂಡು, "ನೀನಾ ಹಾಕಿದೆಲ್ಲವ್ವ, ನಿನ್ನ ಕೈಲೆ. ‘ಇದು ನಿನ್ನ ಕೂಸು, ನನ್ನದಲ್ಲ’ ಅಂದಿ" ಎಂದರು.

"ಸಾವಿನ ಕಣ್ಣು ತಪ್ಪಸಾಕ ಅಂದ್ರು. ಮೊರ ಜೋಳ ಕೊಟ್ಟು ವಾಪಸ್ ತಗೋಬೇಕು ಅಂದ್ರು" ಎಂದಳು ಕಮಲಾಕ್ಷಿ.

ಹಾಲಮ್ಮ ಅತ್ತೆಯ ಕಡೆ ತಿರುಗಿದರು. "ಅತ್ತಿ, ನಮಗ ಹಂಗ ಹೇಳ್ಲಿಲ್ಲಲ್ಲ ನೀವು."

ಶಿವಕ್ಕ ಸೆರಗು ಸರಿಮಾಡಿಕೊಂಡು ದನಿ ಏರಿಸಿದರು. "ಈಗ ಅದೆಲ್ಲ ಯಾಕ? ಕುಡಿಯೋ ಹೆಂಗಸಿನ ಕೈಯಾಗ ಯಾರು ಕೂಸು ಕೊಡ್ತಾರ? ಕೇರಿಗೆಲ್ಲ ಗೊತ್ತೈತಿ."

ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಬೆಳ್ಳಿ ಬಟ್ಟಲಲ್ಲಿ ಹುಯ್ದು ಹುಯ್ದು ಕುಡಿಸಿದೋರು ಯಾರು ಶಿವಕ್ಕನವರೇ? ಕೆಂಗೇರಿಯಿಂದ ಹೊತ್ಕೊಂಡು ಬಂದೋರು ಯಾರು? ನಾನು ಕಣ್ಣಾರೆ ನೋಡಿದೀನಿ. ಅವಳು ಬಿಟ್ಟು ವರ್ಷದ ಮೇಲಾಯ್ತು, ಅದನ್ನೂ ನೋಡಿದೀನಿ" ಎಂದೆ.

ಚನ್ನವೀರಪ್ಪನವರು ಮೊದಲ ಸಲ ಬಾಯಿ ತೆಗೆದರು. "ಹೊರಗಿನವರು ಮಾತಾಡೋದು ಬೇಡ." ಅಷ್ಟು ವರ್ಷದಲ್ಲಿ ಆ ಮನುಷ್ಯನ ಬಾಯಿಂದ ನಾನು ಕೇಳಿದ ಒಂದೇ ಒಂದು ಗಟ್ಟಿ ಮಾತು ಅದು. ಅದೂ ನನಗೆ.

ಕಮಲಾಕ್ಷಿ ಅತ್ತೆಯನ್ನು ನೋಡಲಿಲ್ಲ, ಭಾವನನ್ನು ನೋಡಲಿಲ್ಲ. ಗಂಡನ ಎದುರಿಗೆ ಹೋಗಿ ನಿಂತಳು. ಯೂನಿಫಾರಂ ಇನ್ನೂ ಕೈಯಲ್ಲೇ ಇತ್ತು. "ಶಕ್ತಿ ಬಂದ್ರೆ ಬರ್ತಾನೆ ಅಂದ್ರಿ. ಕುಡಿಯೋದು ಬಿಟ್ರೆ ಬರ್ತಾನೆ ಅಂದ್ರಿ. ಬರೋದಿಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು. ಯಾಕೆ ಅಂದ್ರಿ?"

ಅವರು ತಮ್ಮ ಎಂದಿನ ಮೆತ್ತಗಿನ ದನಿಯಲ್ಲಿ, "ನೀನು ಅಳ್ತಿದ್ದೆ. ಏನಾದ್ರೂ ಹೇಳಲೇಬೇಕಿತ್ತು" ಎಂದರು.

ಇಷ್ಟೇ. ಅಷ್ಟು ವರ್ಷದ ಕುಡಿತಕ್ಕೆ, ಆ ನಡುಕಕ್ಕೆ, ಆ ಬಾಗಿಲುಗಳಿಗೆಲ್ಲ ಅವರು ಕೊಟ್ಟ ಕಾರಣ ಇಷ್ಟೇ. ಅಳುವ ಮಗುವಿನ ಕೈಗೆ ಏನೋ ಒಂದು ಕೊಡುತ್ತೇವಲ್ಲ, ಹಾಗೆ ಅವಳ ಕೈಗೆ ಅವಳ ಮಗನ ಹೆಸರು ಕೊಟ್ಟಿದ್ದರು. ಎದ್ದು ಹೋಗಿ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು ನನಗೆ.

ಕರಿಬಸಪ್ಪನವರು ತಲೆ ತಗ್ಗಿಸಿ ಕೂತಿದ್ದರು. "ನನಗಿದು ತಿಳೀಲಿಲ್ಲ ತಾಯಿ. ಈಗ ನೀ ಹೇಳಿದಂಗ ಆಗ್ಲಿ" ಎಂದರು. ಹಾಲಮ್ಮ ಹುಡುಗನ ತಲೆಯನ್ನು ಎದೆಗೆ ಒತ್ತಿ ಹಿಡಿದು, ಬಾಯಿಗೆ ಸೆರಗು ಅಡ್ಡ ಹಿಡಿದು ಅಳುತ್ತಿದ್ದರು. ಹುಡುಗ ಅವರ ಕೊರಳು ತಬ್ಬಿಕೊಂಡು, "ಅವ್ವ, ಊರಿಗೆ ಹೋಗೂನು ನಡಿ" ಎನ್ನುತ್ತಿದ್ದ.

ಕಮಲಾಕ್ಷಿ ಅದನ್ನು ನೋಡಿದಳು. ಆಮೇಲೆ ಬಟ್ಟೆಯನ್ನು ಮಡಿಸಿ ಹಾಲಮ್ಮನ ಚೀಲದ ಮೇಲೆ ಇಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು. "ಕರ್ಕೊಂಡು ಹೋಗ್ರಿ ಅಕ್ಕ. ಅವನನ್ನ ಅಳಿಸಿ ಇಟ್ಕೊಳ್ಳೋದು ನನ್ನಿಂದ ಆಗಂಗಿಲ್ಲ. ಆದ್ರೆ ನಾನು ಕೊಟ್ಟೆ ಅಂತ ಇನ್ಮುಂದೆ ಯಾರೂ ಹೇಳಬಾರದು. ನಾನು ಕೊಟ್ಟಿಲ್ಲ. ನನ್ನ ಕೈಯಿಂದ ಕಸ್ಕೊಂಡ್ರು."

ಅವರು ಬಿಸಿಲು ಇಳಿಯುವ ಮೊದಲೇ ವಿಜಯನಗರದ ಮದುವೆ ಮನೆಗೆ ಆಟೋ ಹತ್ತಿದರು. ಶಿವಕ್ಕನೂ ಅವರ ಜೊತೆಗೇ ಹೋದರು.

ಅಲ್ಲಿಂದಾಚೆಗಿನದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಮಲಾಕ್ಷಿ ಆ ಮನೆ ಬಿಟ್ಟು ಎಲ್ಲೂ ಹೋಗಲಿಲ್ಲ, ಹೋಗಲು ಜಾಗವೂ ಇರಲಿಲ್ಲ. ಮಹಿಳಾ ಸಮಾಜದಲ್ಲಿ ಹೆಣ್ಣುಮಕ್ಕಳಿಗೆ ಬಟ್ಟೆಯ ಮೇಲೆ ಹೂವು ಬಳ್ಳಿ ಬರೆಯುವುದನ್ನು ಕಲಿಸುತ್ತಾ ಬಹಳ ವರ್ಷ ಬದುಕಿದಳು. ಬಾಗಿಲು ಮತ್ತೆ ಬರೆಯಲಿಲ್ಲ. ನಾನು ಒಂದೆರಡು ಸಲ ಕೇಳಿ ನೋಡಿದೆ. ಬಳ್ಳಿ ಬರೆಯುವುದು ಸುಲಭ, ಯೋಚನೆ ಬೇಕಾಗುವುದಿಲ್ಲ ಎಂದಳು. ಗಂಡನಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸಿದಳು. ಮಾತು ಮಾತ್ರ ಬೇಕಾದಷ್ಟೇ. ಆದರೆ ನನ್ನ ಮನಸ್ಸಿನಲ್ಲಿ ಅವಳು ನಿಂತಿರುವುದು ಆ ಮೇ ತಿಂಗಳ ಸಂಜೆಯಲ್ಲೇ.

ಅವರೆಲ್ಲ ಹೋದ ಮೇಲೆ ನಾವಿಬ್ಬರೂ ಅಡುಗೆಮನೆಯ ಹೊಸಿಲಲ್ಲಿ ಕೂತಿದ್ದೆವು. ಅವಳು ಅಳಲಿಲ್ಲ. ನಾನು ಬಿಸಿ ಕಾಫಿ ಮಾಡಿ ಕೊಟ್ಟೆ, ಕುಡಿದಳು. ಇಂಡಸ್ಟ್ರಿಯಲ್ ಎಸ್ಟೇಟಿನ ಸೈರನ್ ಕೂಗಿತು. ಚನ್ನವೀರಪ್ಪನವರು ಎಲ್ಲೋ ಹೊರಗೆ ಹೋಗಿದ್ದವರು ದೀಪ ಹಚ್ಚುವ ಹೊತ್ತಿಗೆ ಬಂದರು. ಕೈಯಲ್ಲಿ ಪೇಪರು ಸುತ್ತಿದ ಒಂದು ಪೊಟ್ಟಣ. ನಮ್ಮ ಮುಂದೆ ಬಂದು ನಿಂತು ಪೇಪರು ಬಿಡಿಸಿದರು. ಅರಿಷ್ಟದ ಹೊಸ ಬಾಟಲಿ, ಬಿರಡೆ ಇನ್ನೂ ತೆಗೆದಿರಲಿಲ್ಲ. ಅದನ್ನು ಅವಳ ಮಗ್ಗುಲಲ್ಲಿ ಸದ್ದಾಗದಂತೆ ಇಟ್ಟರು.

"ಇವತ್ತೊಂದು ದಿನ ತಗೋ ಕಮಲಾಕ್ಷಿ. ಸ್ವಲ್ಪ ಹಗುರ ಆಗುತ್ತೆ" ಎಂದರು.

ಒಂದು ಕ್ಷಣ ನನಗೆ ಭಯವಾಯಿತು. ಅವಳ ಕಣ್ಣು ಬಾಟಲಿಯ ಮೇಲೆ ನೆಟ್ಟಿತ್ತು. ಯಾರಿಗಾಗಿ ಕುಡಿತ ಬಿಟ್ಟಿದ್ದಳೋ ಅವನು ಮಧ್ಯಾಹ್ನ ಆಟೋ ಹತ್ತಿ ಹೋಗಿದ್ದ. ಇನ್ನು ಯಾತಕ್ಕೆ ತಡೆದುಕೊಳ್ಳಬೇಕು ಅವಳು? ಹೇಳು ಎಂದರೆ ನನ್ನ ಹತ್ತಿರವೂ ಕಾರಣ ಇರಲಿಲ್ಲ.

ಅವಳು ತಲೆ ಎತ್ತಿ ಗಂಡನ ಮುಖ ನೋಡಿದಳು. ಎಚ್ಚರ ಇರುವ, ಸ್ವಚ್ಛವಾದ ಕಣ್ಣು. ಅವರಿಗೇ ಆ ನೋಟ ತಡೆಯಲಾಗದೆ ಒಂದು ಹೆಜ್ಜೆ ಹಿಂದೆ ಸರಿದರು.

"ಇಷ್ಟು ದಿವಸ ಅವನ ಹೆಸರು ಹೇಳಿ ಕುಡಿಸಿದ್ರಿ" ಎಂದಳು. "ಇನ್ನು ಯಾರ ಹೆಸರು ಹೇಳ್ತೀರಿ?"

ಚನ್ನವೀರಪ್ಪನವರು ನಿಂತೇ ಇದ್ದರು. ಅವಳು ಬಾಟಲಿಯನ್ನು ಅವರ ಕಾಲ ಬಳಿಗೆ ಸರಿಸಿ, ಉತ್ತರಕ್ಕೆ ಕಾಯುತ್ತಾ ಕೂತಳು.